ಲಾರ್ಡ್ಸ್ ಕ್ರಿಕೆಟ್ ಮೈದಾನದ ಮ್ಯೂಸಿಯಂಗೆ ಅಪ್ಪನ್ನ ಕರ್ಕೊಂಡು ಹೋಗ್ಬಹುದಾ? ಹೋಗಿಬಂದವರು ಹೇಳಿ

ಕೇಳಿದವರು: ಬಸವನಗುಡಿ ಹುಡುಗಿ
ಜೂನ್‌ನಲ್ಲಿ ಲಂಡನ್‌ಗೆ ಹೊರಟಿದ್ದೀವಿ. ಅಪ್ಪನಿಗೆ 76, ಮಂಡಿ ನೋವು. ನಮ್ಮ ಸ್ಪಿನ್ನರ್ ಚಂದ್ರಶೇಖರ್ (ಚಂದ್ರ), ಬ್ಯಾಟ್ಸ್‌ಮನ್ ವಿಶ್ವನಾಥ್ (ವಿಶಿ) ಅಂದ್ರೆ ಪ್ರಾಣ ಬಿಡ್ತಾರೆ. ಸಿಗೋದು ಅರ್ಧ ದಿನ ಮಾತ್ರ. ಮ್ಯೂಸಿಯಂ, ಮೈದಾನದ ಟೂರ್ ಎರಡೂ ಆಗುತ್ತಾ? ಎಷ್ಟು ನಡೀಬೇಕು?

ರಾಜಾಜಿನಗರ ರಾಯರು
ಪ್ಯಾಕೇಜ್‌ನಲ್ಲಿ ಮಾತ್ರ ಹೋಗ್ಬೇಡಿ. ನಮ್ಮ ಟ್ರಾವೆಲ್ಸ್‌ನವನು (ಹೆಸರು ಬೇಡ) ಪಟ್ಟಿಯಲ್ಲಿ ‘ಲಾರ್ಡ್ಸ್ ವೀಕ್ಷಣೆ’ ಅಂತ ಹಾಕಿ ತಲೆಗೆ 6,500 ಹೆಚ್ಚಿಗೆ ಕಿತ್ಕೊಂಡ. ನಾಲ್ಕು ಜನಕ್ಕೆ 26,000. ಬಸ್ಸು ಲಾರ್ಡ್ಸ್‌ನ ಗ್ರೇಸ್ ಗೇಟ್ ಮುಂದೆ ನಿಲ್ಸಿ, ‘ಫೋಟೋ ತೆಗೆಸ್ಕೊಳ್ಳಿ, ಹದಿನೈದು ನಿಮಿಷ’ ಅಂದ. ಒಳಗೆ ಹೋಗೋದು ಲೆಕ್ಕದಲ್ಲೇ ಇಲ್ವಂತೆ! ಮಾರನೇ ದಿನ ದೋಣಿ ವಿಹಾರ ಬಿಟ್ಟು (ಅದರ ದುಡ್ಡೂ ಹೋಯ್ತು) ನಾವೇ ಹೋದ್ವಿ. ಟೂರ್‌ಗೆ ಒಬ್ಬರಿಗೆ ಹತ್ತಿರ ಹತ್ತಿರ 30 ಪೌಂಡ್ ಆಯ್ತು. ಊರಿಗೆ ಬಂದು ಜಗಳ ಆಡಿದ್ದಕ್ಕೆ ವಾಪಸ್ ಸಿಕ್ಕಿದ್ದು 4,000 ರೂಪಾಯಿ, ಅದೂ ಮುಂದಿನ ಟ್ರಿಪ್‌ನಲ್ಲಿ ಕಳೀತಾನಂತೆ. ಮುಂದಿನ ಟ್ರಿಪ್ ಯಾರಿಗೆ ಬೇಕು ಸ್ವಾಮಿ!

ಕ್ರಾಯ್ಡನ್ ಕನ್ನಡತಿ
ನಾನು ಟವರ್ ಆಫ್ ಲಂಡನ್ ಬಿಟ್ಟು ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಹೋದೆ. ಅತ್ತೆ ಮನೆ ಕಡೆಯವರು ಇವತ್ತಿಗೂ ಆಡ್ಕೋತಾರೆ, ಆಡ್ಕೊಳ್ಳಲಿ. ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಗುರುತಾದ ಆ್ಯಶಸ್ ಮಡಕೆ ಬರೀ 11 ಸೆಂಟಿಮೀಟರ್ ಎತ್ತರ, ಮೈಮೇಲೆ ಅಂಟಿಸಿದ ಚೀಟೀಲಿ ಆರು ಸಾಲಿನ ಪದ್ಯ, ಕಾಗದ ಕಂದಿಹೋಗಿದೆ. 1882-83ರಲ್ಲಿ ಇಂಗ್ಲೆಂಡ್ ನಾಯಕ ಇವೋ ಬ್ಲೈಗೆ ಆಸ್ಟ್ರೇಲಿಯಾದಲ್ಲಿ ಕೊಟ್ಟಿದ್ದು. ಅವರು 1927ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಲಾರ್ಡ್ಸ್‌ನ ಒಡೆತನದ ಎಂಸಿಸಿ ಕ್ಲಬ್‌ಗೆ ಒಪ್ಪಿಸಿದರು. ನನ್ನ ಮಗ ಅದರ ಮುಂದಿಂದ ಕದಲಲೇ ಇಲ್ಲ. ಮಗಳಿಗೆ ಗುಬ್ಬಿ! 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತ ಗುಬ್ಬಚ್ಚಿಯನ್ನ ಚೆಂಡಿನ ಮೇಲೇ ಕೂರಿಸಿ ಇಟ್ಟಿದ್ದಾರೆ. 1932ರಲ್ಲಿ ಸಿ.ಕೆ. ನಾಯುಡು ನಾಯಕತ್ವದಲ್ಲಿ ಇದೇ ಲಾರ್ಡ್ಸ್‌ನಲ್ಲಿ ನಾವು ಮೊದಲ ಟೆಸ್ಟ್ ಆಡಿದಾಗ ತಂಡದಲ್ಲಿ ಇದ್ದವರು ಇದೇ ಜಹಾಂಗೀರ್. ಈ ನಂಟು ಗೊತ್ತಿದ್ದು ನೋಡಿದ್ರೆ ಆ ಗಾಜಿನ ಪೆಟ್ಟಿಗೆ ಮುಂದೆ ಮೈ ಜುಮ್ಮೆನ್ನುತ್ತೆ.

ಹುಬ್ಬಳ್ಳಿ ಮಂದಿ
ಒಂದೇ ಆಟದ ಮ್ಯೂಸಿಯಂ ನೋಡಿ ಇಷ್ಟ್ ಹೊಗಳ್ತೀರೇನ್ರಿ? ನಾವು ಮೆಲ್ಬರ್ನ್‌ದಾಗ ಎಂಸಿಜಿ ಕ್ರಿಕೆಟ್ ಮೈದಾನದ ಒಳಗಿನ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಮ್ಯೂಸಿಯಂ ನೋಡೇವಿ. ಕ್ರಿಕೆಟ್ ಐತಿ, ಅವರ ಫುಟ್‌ಬಾಲ್ ಐತಿ, 1956ರ ಒಲಿಂಪಿಕ್ಸ್ ಐತಿ. ಆ ವರ್ಷದ ಹಾಕಿ ಫೈನಲ್‌ದಾಗ ನಮ್ಮವರು ಪಾಕಿಸ್ತಾನಕ್ಕ 1-0 ಸೋಲಿಸಿದ್ದು ಅದ ಮೈದಾನದಾಗ!  ಹೋಗಿದ್ದು ಸಾರ್ಥಕ ಆತು ನೋಡ್ರಿ.

ಕ್ರಾಯ್ಡನ್ ಕನ್ನಡತಿ
ಅವರು ಲಂಡನ್‌ಗೆ ಹೊರಟಿರೋದು. ಮೆಲ್ಬರ್ನ್ ಪುರಾಣ ಯಾಕೆ ಇಲ್ಲಿ?

ಹುಬ್ಬಳ್ಳಿ ಮಂದಿ
ಗುಬ್ಬಿ ಪುರಾಣ ನಡೀತೈತಿ, ಹಾಕಿ ಮಾತು ಬ್ಯಾಡ? ಕ್ರಿಕೆಟ್ ಬಿಟ್ರ ನಿಮಗ ಬ್ಯಾರೆ ಆಟ ಕಣ್ಣಿಗೆ ಬೀಳಂಗಿಲ್ಲ.

ರಣಜಿ ರಸಿಕ
ಚಂದ್ರ ಅಂದ್ರೆ ಪ್ರಾಣ ಅಂತೀರಿ, ಲಾರ್ಡ್ಸ್ ಯಾಕೆ? ನಿಮ್ಮ ತಂದೆಯವರನ್ನ ಲಂಡನ್ನಿನ ಇನ್ನೊಂದು ಮೈದಾನ ಓವಲ್‌ಗೆ ಕರ್ಕೊಂಡು ಹೋಗಿ. 1971ರಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಲ್ಲಿ ನಮಗೆ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಎರಡೂ ತಂದುಕೊಟ್ಟಿದ್ದು ಅಲ್ಲಿ. ನಾನು ಮೊದಲು ಹೋಗಿದ್ದೇ ಅಲ್ಲಿಗೆ.

ಮೈಸೂರು ಸ್ಪಿನ್ನರ್
ಲಾರ್ಡ್ಸಲ್ಲೂ ಚಂದ್ರ ಇದ್ದಾರೆ ಸಾರ್. 1967ರಲ್ಲಿ 127 ರನ್ನಿಗೆ 5 ವಿಕೆಟ್, ಶತಕ ಹೊಡೆದವರ, 5 ವಿಕೆಟ್ ಕಿತ್ತವರ ಹೆಸರು ಬರೆಯೋ ಆನರ್ಸ್ ಬೋರ್ಡ್‌ನಲ್ಲಿ ಹೆಸರಿದೆ. ವಿಶಿ ಅವರ 1979ರ 113 ರನ್ ಕೂಡ ಇದೆ. ಆದ್ರೆ ಬೋರ್ಡ್ ಇರೋದು ಪೆವಿಲಿಯನ್ ಕಟ್ಟಡದ ಡ್ರೆಸ್ಸಿಂಗ್ ರೂಮಲ್ಲಿ, ಮ್ಯೂಸಿಯಂನಲ್ಲಲ್ಲ. ಅದಕ್ಕೇ ಟೂರ್ ಬಿಡಬಾರದು. ದೊಡ್ಡ ಪಂದ್ಯದ ದಿನ ಟೂರ್ ಇರಲ್ಲ, ಪಂದ್ಯಗಳ ಪಟ್ಟಿ ನೋಡ್ಕೊಂಡು ಬುಕ್ ಮಾಡಿ. ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿಂದ ನಿಧಾನಕ್ಕೆ ನಡೆದ್ರೆ ಹತ್ತು ನಿಮಿಷ. ನನಗೆ ಚಂದ್ರ ಅವರ ಹೆಸರು ಕಂಡ ಕೂಡ್ಲೆ ಗಂಟಲು ಕಟ್ಟಿಹೋಯ್ತು.

ಗೋಡೆ ಭಕ್ತ
ನಮ್ಮ ‘ಗೋಡೆ’ ದ್ರಾವಿಡ್ ಹೆಸರು ಯಾರೂ ಎತ್ತಲಿಲ್ವಲ್ಲ? 1996ರ ಮೊದಲ ಟೆಸ್ಟಲ್ಲೇ ಬೋರ್ಡ್ ಏರಿದ ಮನುಷ್ಯ!

ಮೈಸೂರು ಸ್ಪಿನ್ನರ್
ಇಲ್ಲ. 1996ರಲ್ಲಿ ಅವರು ಹೊಡೆದಿದ್ದು 95, ಬೋರ್ಡ್‌ಗೆ ನೂರು ಬೇಕು. ಹೆಸರು ಬಂದಿದ್ದು 2011ರ 103 ನಾಟೌಟ್‌ನಿಂದ. 1996ರಲ್ಲಿ ಬೋರ್ಡ್ ಏರಿದ ನಮ್ಮವರು ವೆಂಕಟೇಶ್ ಪ್ರಸಾದ್, 76ಕ್ಕೆ 5.

ಗೋಡೆ ಭಕ್ತ
ಆ 95 ನೂರಕ್ಕಿಂತ ದೊಡ್ಡದು. ಬೌಲರ್‌ಗಳಿಗೆ ಅರ್ಥ ಆಗಲ್ಲ ಬಿಡಿ.

ರಾಜಾಜಿನಗರ ರಾಯರು
ಯಾರ ಹೆಸರಾದ್ರೂ ಇರಲಿ, ಒಳಗೆ ಬಿಟ್ರೆ ತಾನೇ ನೋಡೋದು! ಆ ಏಜೆಂಟ್ ಮೇಲೆ ಗ್ರಾಹಕರ ಕೋರ್ಟಿಗೆ ಹೋಗಿದ್ದೀನಿ, ವಕೀಲರಿಗೆ ಈಗಾಗಲೇ 7,000 ಕಕ್ಕಿದ್ದಾಯ್ತು.

ಬಸವನಗುಡಿ ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್. ಪೆವಿಲಿಯನ್ ಒಳಗೆ ಮೆಟ್ಟಿಲು ಜಾಸ್ತಿನಾ? ಅಪ್ಪ ಹತ್ತಬಹುದಾ?

ಹುಬ್ಬಳ್ಳಿ ಮಂದಿ
ಆತ್ರಿ ಮೇಡಂ, ಅದರ ಹಿಂದಾಗಡೆ ಒಂದ್ ಮಾತು. ಭಕ್ತರ, 95ನ್ನ ನೂರು ಅನ್ನೂದಾದ್ರ, 1956ರ ಒಂದ ಗೋಲಿಗೆ ಎಷ್ಟ್ ಅಂತೀರಿ?