ಪುಟ್ಟಿ, ಶನಿವಾರ ಆಕ್ಷನ್‌ಗೆ, ಅಂದ್ರೆ ಮನೆ ಹರಾಜಿಗೆ, ಹೋಗೋ ಮುಂಚೆ ಇದನ್ನ ಪೂರ್ತಿ ಕೇಳು

ಪುಟ್ಟಿ, ನಿನ್ ಮೆಸೇಜು ರಾತ್ರಿನೇ ನೋಡ್ದೆ ಕಣಮ್ಮ, ನಿಮ್ಮತ್ತೆ ಮಲಗಿದ್ಲು ಅಂತ ಆಗ ಮಾತಾಡ್ಲಿಲ್ಲ. ಇಲ್ಲಿ ವಿಕ್ಟೋರಿಯಾ ರಾಜ್ಯದ ಟಾರಡೇಲ್ ಊರಿನ ಹತ್ರ ಮೂರೂವರೆ ಎಕರೆ, ಹಳೇ ಮರದ ಹಲಗೆಯ ವೆದರ್‌ಬೋರ್ಡ್ ಮನೆ, ಮೆಲ್ಬರ್ನ್ ರೇಟಿಗೆ ಹೋಲಿಸಿದ್ರೆ ಎಷ್ಟೋ ಕಮ್ಮಿ, ಶನಿವಾರ ಆಕ್ಷನ್ ಇದೆ, ಆದ್ರೂ ಯಾಕೋ ಭಯ ಆಗ್ತಿದೆ ಮಾವ, ತಗೋಬಹುದಾ ಅಂತ ಕೇಳಿದೀಯ. ಭಯ ಆಗ್ತಿರೋದು ಒಳ್ಳೇದೇ ಕಣೆ. ನಮಗೆ ಆಗ್ಲಿಲ್ವಲ್ಲ, ಅಲ್ಲೇ ಕೆಟ್ಟಿದ್ದು.

ಊರು ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆ ದೊಡ್ಡ ರೈಲ್ವೆ ಸೇತುವೆ ಕೆಳಗೆ ನಿಂತು ನೋಡಿದೀನಿ, ಕತ್ತು ನೋಯೋಷ್ಟು ಎತ್ತರ. ರೈಲು ಮೇಲೇ ಹೋಗುತ್ತೆ, ಅಲ್ಲಿ ನಿಲ್ಲಲ್ಲ, ನಿಮ್ಮನೆಯವರು ಆಫೀಸಿಗೆ ಹೋಗ್ಬೇಕು ಅಂದ್ರೆ ಮಾಲ್ಮ್ಸ್‌ಬರಿಗೋ ಕ್ಯಾಸಲ್‌ಮೇನ್‌ಗೋ ಕಾರಲ್ಲಿ ಹೋಗಿ ಹಿಡೀಬೇಕು, ಅದು ಗೊತ್ತಿರ್ಲಿ. ನಾನ್ ಹೇಳೋಕೆ ಬಂದಿದ್ದು ಬೇರೆ.

ನಮ್ ಐದೆಕರೆ ವಿಷ್ಯ ನಿಮಗೆಲ್ಲ ಗೊತ್ತು, ಗೃಹಪ್ರವೇಶಕ್ಕೆ ಎಲ್ರೂ ಬಂದಿದ್ರಿ, ಆಮೇಲೆ ಏನಾಯ್ತು ಅನ್ನೋದು ಪೂರ್ತಿ ಯಾರಿಗೂ ಹೇಳಿಲ್ಲ ನಾನು. 2014ರಲ್ಲಿ ತಗೊಂಡ್ವಲ್ಲ, ಆಗ ಏಜೆಂಟು ನಮ್ಮಿಬ್ರನ್ನ ಕರ್ಕೊಂಡು ಬೇಲಿ ಉದ್ದಕ್ಕೂ ನಡೆಸ್ದ. ಹಳೇ ರೆಡ್ ಗಮ್ ಮರದ ಕಂಬ, ಪಾಚಿ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು, ತಂತಿ ತುಕ್ಕು ಹಿಡಿದಿತ್ತು, ಅಂದ್ರೆ ಎಷ್ಟೋ ವರ್ಷದ ಬೇಲಿ, ಈ ಬೇಲಿಯಿಂದ ಆ ಬೇಲಿವರೆಗೆ ನಿಮ್ದೇ ಅಂದ ಅವ್ನು, ನಾವು ನಂಬಿದ್ವಿ. ಸೆಕ್ಷನ್ 32 ಅಂತ ಮಾರೋರು ಕೊಡೋ ದಾಖಲೆ ಇರುತ್ತಲ್ಲ, ಅದ್ರಲ್ಲಿ ಪ್ಲಾನ್ ಇತ್ತು. ಎರಡು ತುಂಡು ಜಾಗ, ಮಧ್ಯ ಒಂದು ಬಿಳಿ ಪಟ್ಟಿ, ಅದ್ರಲ್ಲಿ ಸಣ್ಣಕ್ಷರದಲ್ಲಿ ರೋಡ್ ಅಂತ ಬರೆದಿತ್ತು, ಅಳತೆ ಎಲ್ಲ ಲಿಂಕ್ಸ್ ಅನ್ನೋ ಹಳೇ ಲೆಕ್ಕದಲ್ಲಿ. ಮನೆ ಮುಂದಿನ ರೋಡೇ ಇರ್ಬೇಕು ಅಂದ್ಕೊಂಡು ಪುಟ ತಿರುವಿಬಿಟ್ಟೆ.

ಐದು ವರ್ಷ ಏನೂ ಆಗ್ಲಿಲ್ಲ. 2019ರಲ್ಲಿ ನಮ್ ಮಗಳು ಬಸುರಿ, ಬಾಣಂತನ ನಮ್ಮನೇಲೇ ಆಗ್ಲಿ, ಹಿಂದೆ ಒಂದು ರೂಮು ಬಾತ್‌ರೂಮು ಸೇರ್ಸೋಣ ಅಂತ ಕೌನ್ಸಿಲ್‌ಗೆ ಅರ್ಜಿ ಹಾಕಿದ್ವಿ. ಸೆಪ್ಟಿಕ್ ಎಲ್ಲಿದೆ, ಸರ್ವೇ ಮಾಡ್ಸಿ ಕೊಡಿ ಅಂದ್ರು, ನ್ಯಾಯವಾಗೇ ಕೇಳಿದ್ರು. ಸರ್ವೇಯರ್ ಬೆಳಿಗ್ಗೆ ಏಳೂವರೆಗೆ ಬಂದ, ಹುಲ್ಲಿನ ಮೇಲೆ ಇನ್ನೂ ಬೆಳ್ಳಗೆ ಫ್ರಾಸ್ಟ್ ಕೂತಿತ್ತು, ನಿಮ್ಮತ್ತೆ ಹಿಂದುಗಡೆ ಹಿಲ್ಸ್ ಹಾಯ್ಸ್ಟ್ ಅಂತ ತಿರುಗೋ ತಂತಿ ಸ್ಟ್ಯಾಂಡ್ ಮೇಲೆ ಬಟ್ಟೆ ಹರವ್ತಾ ಇದ್ಲು. ಅವ್ನು ಕೋಲು ಹಿಡ್ಕೊಂಡು ಅಲ್ಲಿಲ್ಲಿ ನಿಂತು ನೋಡಿ, ಹಿಂಬಾಗಿಲ ಮೆಟ್ಟಿಲಿಗೂ ಆ ಬಟ್ಟೆ ತಂತಿಗೂ ಮಧ್ಯ ಬಂದು, ಒಂದು ಬಿಳೀ ಗೂಟ ನೆಟ್ಟು ಕಿತ್ತಳೆ ರಿಬ್ಬನ್ ಕಟ್ಟಿದ. ಇದೇ ನಿಮ್ಮ ಗಡಿ, ಇಲ್ಲಿಂದ ಆಚೆ ರೋಡು ಅಂದ. ಯಾವ ರೋಡಪ್ಪಾ, ಬರೀ ಹುಲ್ಲು ಇದೆ ಅಂದೆ. ಚಿನ್ನದ ಗಣಿ ಕಾಲದಲ್ಲಿ, 1850ರ ದಶಕದಲ್ಲಿ, ಸರ್ಕಾರ ಅಳತೆ ಮಾಡಿ ಕಾಗದದ ಮೇಲೆ ಎಳೆದಿಟ್ಟ ರೋಡಂತೆ, ಯಾವತ್ತೂ ಹಾಕ್ಲೇ ಇಲ್ಲ, ಅಗಲ ಒಂದು ಚೈನ್, ಅಂದ್ರೆ 66 ಅಡಿ. ಆ 66 ಅಡಿ ಒಳಗೇ ನಮ್ ಕಾಂಕ್ರೀಟ್ ನೀರಿನ ಟ್ಯಾಂಕು, ಶೆಡ್ಡು, ಸೆಪ್ಟಿಕ್ ನೀರು ಇಂಗೋ ಟ್ರೆಂಚು ಎಲ್ಲಾ ಇತ್ತು. ಮನೆ ಗೋಡೆ ಮೂರಡಿಯಲ್ಲಿ ಉಳೀತು, ಅದು ಆ ದೇವ್ರ ದಯೆ.

ಪಕ್ಕದ ಜಮೀನಿನ ಮುದುಕ ಒಳ್ಳೆಯವ್ನು, ಹದಿನೈದು ವರ್ಷ ಬೇಲಿ ಒಳಗಿದ್ರೆ ನಿಮ್ದೇ ಆಗುತ್ತೆ ಅಂದ. ಲಾಯರ್ ಹತ್ರ ಹೋದ್ವಿ. ಖಾಸಗಿ ಜಾಗ ಆಗಿದ್ರೆ ವಿಕ್ಟೋರಿಯಾದಲ್ಲಿ ಆ 15 ವರ್ಷದ ಕಾನೂನು ನಡೆಯುತ್ತೆ, ಕ್ರೌನ್ ಲ್ಯಾಂಡ್, ಅಂದ್ರೆ ಸರ್ಕಾರಿ ಜಾಗ ಆಗಿದ್ರೆ ನೂರು ವರ್ಷ ಇದ್ರೂ ನಡೆಯಲ್ಲ ಅಂದ್ರು. ಲೈಸೆನ್ಸ್ ತಗೊಂಡು ಕುರಿ ಮೇಯಿಸ್ಬಹುದು, ಸೆಪ್ಟಿಕ್ ನೀರು ಮಾತ್ರ ನಮ್ ಗಡಿ ಒಳಗೇ ಇರ್ಬೇಕು. ಟ್ರೆಂಚು ಕಿತ್ತು ಹೊಸ ಟ್ರೀಟ್‌ಮೆಂಟ್ ಸಿಸ್ಟಮ್ ಹಾಕಿಸ್ದೆ, ಕಾಂಕ್ರೀಟ್ ಟ್ಯಾಂಕು ಎತ್ತೋಕಾಗಲ್ಲ, ಅದನ್ನ ಒಡೆದು ಹಾಕಿ ಪಾಲಿ ಟ್ಯಾಂಕ್ ತಂದು ಕೂರಿಸ್ದೆ, ಶೆಡ್ ಬಿಚ್ಚಿದ್ದು ಎಲ್ಲಾ ಸೇರಿ 38 ಸಾವಿರ ಡಾಲರ್ ಹೋಯ್ತು. ರೂಮಿಗೆ ಇಟ್ಟಿದ್ದ ದುಡ್ಡೇ ಅದು. ಮಗಳ ಬಾಣಂತನ ಅಳಿಯನ ಎರಡು ರೂಮಿನ ಬಾಡಿಗೆ ಯೂನಿಟ್‌ನಲ್ಲಾಯ್ತು, ನಿಮ್ಮತ್ತೆ ಒಂದೂವರೆ ತಿಂಗಳು ಹಾಲ್‌ನಲ್ಲಿ ಸೋಫಾ ಮೇಲೆ ಮಲಗಿದ್ಲು, ಇವತ್ತಿಗೂ ಆ ಗೂಟ ನೆಟ್ಟ ಜಾಗಕ್ಕೆ ಹೋದ್ರೆ ಮಾತಾಡಲ್ಲ ಅವ್ಳು.

ಅದಕ್ಕೇ ಹೇಳ್ತಿದೀನಿ, ಬೇಲಿ ನೋಡಿ ಜಾಗ ತಗೋಬೇಡ ಪುಟ್ಟಿ. ಟೊರೆನ್ಸ್ ಪದ್ಧತಿ ಇಲ್ಲಿ, ಟೈಟಲ್‌ಗೆ ಸರ್ಕಾರಾನೇ ಗ್ಯಾರಂಟಿ, ನಮ್ಮೂರ ಥರ ಮೂವತ್ತು ವರ್ಷದ ಈಸಿ, ಅಂದ್ರೆ ಋಣಭಾರ ಪತ್ರ, ತೆಗೆಸೋ ಕೆಲ್ಸ ಇಲ್ಲ ಅಂತ ಎಲ್ರೂ ಹೇಳ್ತಾರೆ, ಹೌದು, ಟೈಟಲ್‌ಗೆ ಗ್ಯಾರಂಟಿ ಇದೆ, ಬೇಲಿಗೆ ಯಾರ ಗ್ಯಾರಂಟೀನೂ ಇಲ್ಲ. ಬೇಲಿ ನೋಡಿ ತಗೋಬೇಡ.

ನನಗೆ ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ನಾನು ಶಾನುಭೋಗರ ಮೊಮ್ಮಗ. ತಾತ ಸರಪಳಿ ಹಿಡಿದು ಅಳೆಯೋದನ್ನ ನೋಡಿ ಬೆಳೆದೋನು, 33 ಅಡಿ ಸರಪಳಿ, ಅದ್ರ ಚೌಕ ಒಂದು ಗುಂಟೆ, 40 ಗುಂಟೆ ಒಂದೆಕರೆ ಅಂತ ನಿದ್ದೇಲಿ ಎಬ್ಸಿ ಕೇಳಿದ್ರೂ ಹೇಳ್ತಿದ್ದೆ. ಇಲ್ಲಿನ ಒಂದು ಚೈನ್ ಅಂದ್ರೆ ನಮ್ಮ ಸರಪಳಿ ಎರಡು, ಅಷ್ಟೇ. ಊರಲ್ಲಿ ಹದ್ದುಬಸ್ತು, ಅಂದ್ರೆ ಗಡಿ ಅಳೆಸಿ ಗುರುತು, ಮಾಡ್ಸದೆ ಯಾರಾದ್ರೂ ಜಮೀನು ತಗೊಂಡ್ರೆ ತಾತ ಬೈತಿದ್ರು.

ಹದ್ದುಬಸ್ತು ಅಂದಾಗ ನೆನಪಾಯ್ತು, ಹೇಳ್ಬಾರ್ದು ಅಂತಿದ್ದೆ, ಹೇಳ್ಬಿಡ್ತೀನಿ. ಅಪ್ಪ ಹೋದ್ಮೇಲೆ ಚನ್ನರಾಯಪಟ್ಟಣದ ಜಮೀನು ಪೋಡಿ, ಅಂದ್ರೆ ಅಳೆಸಿ ಭಾಗ, ಮಾಡ್ಸಿದ್ರಲ್ಲ, ಆಗ ನಾನಿಲ್ಲಿದ್ದೆ. ನೋಟಿಸು ನನ್ನ ಹಳೇ ಬೆಂಗಳೂರು ಅಡ್ರೆಸ್ಸಿಗೆ ಹೋಗಿತ್ತಂತೆ. ಮುಂದಿನ ಸಲ ಬಂದಾಗ ನೋಡ್ತೀನಿ, ಬದು ಜರುಗಿದೆ, ಅಪ್ಪ ನೆಟ್ಟ ಹಲಸಿನ ಮರ ಆಚೆ ಕಡೆ ಹೋಗಿದೆ. ಮೂರು ಗುಂಟೆ. ಮೂರು ಗುಂಟೆಯಿಂದ ನಾನೇನೂ ಬಡವಾಗಲ್ಲ, ಹೆಸರೂ ಹೇಳಲ್ಲ, ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಲಿ. ತಿಥಿಗೆ ಇಷ್ಟು ಕಳ್ಸು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಷ್ಟು ಕಳ್ಸು ಅಂತ ಫೋನ್ ಮಾಡೋಕೆ ನಂಬರ್ ಇತ್ತು, ನಾಳೆ ಸರ್ವೇ ಇದೆ ಅಂತ ಹೇಳೋಕೆ ಇರ್ಲಿಲ್ವಾ? ಅಪ್ಪ ಆ ಮರಕ್ಕೆ ಬೇಸಿಗೇಲಿ ಬಿಂದಿಗೇಲಿ ನೀರು ಹೊತ್ತಿದ್ದು ನಾನೂ ನೋಡಿದೀನಿ, ಅವ್ರೂ ನೋಡಿದಾರೆ.

ಅಯ್ಯೋ, ಎಲ್ಲಿಂದ ಎಲ್ಲಿಗೋ ಹೋದೆ. ಪುಟ್ಟಿ, ನೀನ್ ಕೇಳಿದ್ದು ಶನಿವಾರದ್ದು, ಇವತ್ತಾಗ್ಲೇ ಮಂಗಳವಾರ. ಆಕ್ಷನ್‌ನಲ್ಲಿ ಕೈ ಎತ್ತಿ ಸುತ್ತಿಗೆ ಬಿತ್ತು ಅಂದ್ರೆ ಮುಗೀತು, ವಾಪಸ್ ಬರೋಕಾಗಲ್ಲ. ಮಾಮೂಲಿ ಮಾರಾಟದಲ್ಲಿ ಮನಸ್ಸು ಬದಲಾಯಿಸೋಕೆ ಮೂರು ಕೆಲಸದ ದಿನ ಕೂಲಿಂಗ್ ಆಫ್ ಸಿಗುತ್ತೆ, ಆಕ್ಷನ್‌ಗೆ ಅದಿಲ್ಲ, ಆಕ್ಷನ್ ಹಿಂದಿನ ಮೂರು ಕೆಲಸದ ದಿನ ಮುಂದಿನ ಮೂರು ಕೆಲಸದ ದಿನದಲ್ಲಿ ಸೈನ್ ಹಾಕಿದ್ರೂ ಇಲ್ಲ, ಹಾಗಾಗಿ ಶುಕ್ರವಾರ ಏಜೆಂಟು ಫೋನ್ ಮಾಡಿ ಈಗ್ಲೇ ಮುಗಿಸ್ಬಿಡೋಣ ಅಂದ್ರೆ ಹೂಂ ಅನ್ಬೇಡ. ಇವತ್ತೇ ಲೈಸೆನ್ಸ್ ಇರೋ ಸರ್ವೇಯರ್‌ಗೆ ಫೋನ್ ಮಾಡಿ ಟೈಟಲ್ ಗಡಿ ಗುರುತಿಸಿ ಕೊಡ್ತೀರಾ ಅಂತ ಕೇಳು, ಶುಕ್ರವಾರದೊಳಗೆ ಆಗಲ್ಲ ಅಂದ್ರೆ ಶನಿವಾರ ಹೋಗು, ನೋಡು, ಕೈ ಮಾತ್ರ ಎತ್ಬೇಡ. ಪಾಸ್ ಇನ್ ಆದ್ರೆ, ಅಂದ್ರೆ ಹರಾಜಲ್ಲಿ ಮಾರಾಟ ಆಗ್ದೆ ಉಳಿದ್ರೆ, ಸರ್ವೇ, ಲೋನು ಎರಡಕ್ಕೂ ಕಂಡೀಷನ್ ಬರೆಸಿ ಆಫರ್ ಕೊಡಬಹುದು. ಕೌನ್ಸಿಲ್‌ಗೆ ಫೋನ್ ಮಾಡಿ ಆ ಮನೆ ಸೆಪ್ಟಿಕ್ ಪರ್ಮಿಟ್ಟು, ಪ್ಲಾನು ಕೇಳು. ವಿಕ್‌ಪ್ಲಾನ್ ಅನ್ನೋ ಸರ್ಕಾರಿ ವೆಬ್‌ಸೈಟ್‌ನಲ್ಲಿ ಅಡ್ರೆಸ್ ಹಾಕಿದ್ರೆ ಜೋನು, ಬುಷ್‌ಫೈರ್ ಓವರ್‌ಲೇ, ಅಂದ್ರೆ ಕಾಡ್ಗಿಚ್ಚಿನ ಅಪಾಯದ ಜಾಗದ ಗುರುತು, ಎಲ್ಲಾ ಪುಕ್ಸಟ್ಟೆ ಬರುತ್ತೆ, ಓವರ್‌ಲೇ ಇದ್ರೆ ಮೊದ್ಲು ಇನ್ಶೂರೆನ್ಸ್ ಕೋಟ್ ತಗೋ. ಫಾರ್ಮಿಂಗ್ ಜೋನ್ ಆಗಿದ್ರೆ ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಚಿಕ್ಕ ಜಾಗದಲ್ಲಿ ಮನೆ ಕಟ್ಟೋಕೆ ಪರ್ಮಿಟ್ ಬೇಕು, ಹಳೇ ಮನೆ ಕೆಡವಿ ಹೊಸದು ಕಟ್ಟೋ ಯೋಚ್ನೆ ಇದ್ರೆ ಅದನ್ನೂ ಕೇಳ್ಕೋ. ಮತ್ತೆ ನಿನ್ ತಮ್ಮ ಇನ್ನೂ 482 ಅನ್ನೋ ಟೆಂಪರರಿ ಕೆಲಸದ ವೀಸಾದಲ್ಲಿದಾನಲ್ಲ, ಅವನ ಹೆಸರು ಸೇರಿಸ್ಬೇಡಿ, 2025ರ ಏಪ್ರಿಲ್ 1ರಿಂದ ಟೆಂಪರರಿ ವೀಸಾದವ್ರು ಹಳೇ ಮನೆ ಕೊಳ್ಳೋದನ್ನ ನಿಲ್ಸಿದಾರೆ.

ಸೆಕ್ಷನ್ 32 ಪಿಡಿಎಫ್ ನಂಗೆ ಬೇರೆ ಕಳ್ಸು, ಗ್ರೂಪಲ್ಲಿ ಹಾಕ್ಬೇಡ. ಪ್ಲಾನ್ ಇರೋ ಪುಟ ದೊಡ್ಡದಾಗಿ ಪ್ರಿಂಟ್ ಮಾಡಿಸಿಡು. ಗುರುವಾರ ಹತ್ತು ಗಂಟೆಗೆ ಗೇಟ್ ಹತ್ರ ಸಿಗ್ತೀನಿ, 50 ಮೀಟರ್ ಟೇಪು ನನ್ ಹತ್ರ ಇದೆ, ಹುಲ್ಲು ಎತ್ತರ ಬೆಳೆದಿರುತ್ತೆ, ಹಾವಿನ ಕಾಲ, ಇಬ್ರೂ ಬೂಟ್ಸ್ ಹಾಕ್ಕೊಂಡ್ ಬನ್ನಿ.