ಬಸವಣ್ಣನವರ ಜೀವನಚರಿತ್ರೆ: ಯಾವ ಆಕರವನ್ನು ನಂಬುವುದು?

ಪ್ರಶ್ನೆ: ಸರ್, ಬಸವಣ್ಣನವರ ಜೀವನಚರಿತ್ರೆ ಬರೆಯಲು ಕೈಹಾಕಿದ್ದೇನೆ. ಜನಿವಾರದ ಪ್ರಸಂಗದಲ್ಲೇ ಲೇಖನಿ ನಿಂತಿದೆ. ಒಂದು ಕಡೆ ಬಾಲಕ ಉಪನಯನವೇ ಬೇಡವೆನ್ನುತ್ತಾನೆ. ಇನ್ನೊಂದು ಕಡೆ ಹಾಕಿಕೊಂಡ ಜನಿವಾರವನ್ನು ದೊಡ್ಡವನಾದ ಮೇಲೆ ಕಿತ್ತೊಗೆಯುತ್ತಾನೆ. ಯಾವುದನ್ನು ಬರೆಯಲಿ?

ಸಂಶೋಧಕರ ಉತ್ತರ: ಎರಡನ್ನೂ ಬರೆಯಿರಿ, ಬೆರೆಸಬೇಡಿ. ಕಿತ್ತೊಗೆಯುವವನು ಕನ್ನಡ ಕವಿ ಹರಿಹರನ ರಗಳೆಯ ಬಸವ. ತಂದೆತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ತರುಣ ಅವನು. ಕರ್ಮಲತೆಯಂತಿದ್ದ ಜನಿವಾರವನ್ನು ಬಿಸುಟು ಕಪ್ಪಡಿ ಸಂಗಮದ (ಇಂದಿನ ಕೂಡಲಸಂಗಮ) ಹಾದಿ ಹಿಡಿಯುತ್ತಾನೆ. ತಂದೆಯೊಡನೆ ವಾದ ಹೂಡಿ ಉಪನಯನವನ್ನು ನಿರಾಕರಿಸುವ ಹುಡುಗ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದವನು. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ಪ್ರವಚನಗಳಲ್ಲಿ ಇಂದಿಗೂ ಆ ಹುಡುಗನದೇ ಕಾರುಬಾರು. ನನಗೆ ಹರಿಹರನ ಒಂಟಿ ತರುಣನೇ ಹೆಚ್ಚು ನಿಜವೆನಿಸುತ್ತಾನೆ, ಆದರೆ ಅನಿಸಿಕೆ ಪುರಾವೆಯಲ್ಲ.

ಮರುಪ್ರಶ್ನೆ: ಬಸವಣ್ಣನವರ ಹೆಸರು ಶಾಸನಗಳಲ್ಲೇ ಇಲ್ಲ ಎನ್ನುತ್ತಾರಲ್ಲ?

ಉತ್ತರ: ಅದು ಬ್ರಿಟಿಷ್ ಶಾಸನತಜ್ಞ ಫ್ಲೀಟ್ ಸಾಹೇಬರ ಕಾಲದ ಮಾತು. ಅಬ್ಬಲೂರಿನ ಶಾಸನ ಓದಿದ ಅವರು ಶಿವಭಕ್ತ ಏಕಾಂತದ ರಾಮಯ್ಯನಿಗೇ ಲಿಂಗಾಯತ ಧರ್ಮದ ಮೂಲಪುರುಷನ ಪಟ್ಟ ಕಟ್ಟಲು ಹೊರಟಿದ್ದರು. ಆಮೇಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂತು. ಅದರಲ್ಲಿ ಬಸವರಾಜ ಬಾಗೆವಾಡಿಯ ಒಡೆಯ ಮಾದಿರಾಜನ ಮಗ. ಬಸವಣ್ಣನವರಿಗಿಂತ ಸುಮಾರು ನೂರು ವರ್ಷ ಈಚಿನದಾದರೂ ಅದು ಕಲ್ಲಿನ ಸಾಕ್ಷಿ. ಹುಟ್ಟಿದ್ದು ಇಂಗಳೇಶ್ವರದಲ್ಲಿ, ತಾಯಿಯ ತವರಿನಲ್ಲಿ ಎನ್ನುವವರು ಇದರಿಂದ ಸೋಲುವುದಿಲ್ಲ: ಶಾಸನ ಹೇಳಿದ್ದು ತಂದೆಯ ಊರನ್ನು, ತೊಟ್ಟಿಲು ಕಟ್ಟಿದ ಮನೆಯನ್ನಲ್ಲ.

ಇನ್ನೊಬ್ಬರು: ವಚನಗಳು ಅವರದೇ ಮಾತಲ್ಲವೇ? ಅವನ್ನಷ್ಟೇ ಆಧರಿಸಿ ಬರೆದರೆ ತಕರಾರೇ ಇಲ್ಲ.

ಉತ್ತರ: ಇದೆ. ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು, ಇವರಿಬ್ಬರಿಗೆ ಹುಟ್ಟಿದ ಮಗ ತಾನು ಎನ್ನುವ ವಚನವಿದೆ. ಚೆನ್ನಯ್ಯ, ಕಕ್ಕಯ್ಯ ಅಸ್ಪೃಶ್ಯವೆನಿಸಿದ ಜಾತಿಗಳಿಂದ ಬಂದ ಶರಣರು. ಜನನ ಪ್ರಮಾಣಪತ್ರದಂತೆ ಓದಿದರೆ ಮಾದಿರಾಜನೇ ಮಾಯ! ಹುಟ್ಟಿನ ಹಿರಿಮೆಯನ್ನು ಬೇಕೆಂದೇ ಕಳಚಿ ಶರಣರ ಮನೆಯ ಮಗನಾಗುವ ನಿರ್ಧಾರವದು. ಮನಸ್ಸು ತಿಳಿಯಲು ವಚನಕ್ಕಿಂತ ದೊಡ್ಡ ಆಧಾರವಿಲ್ಲ. ಇಸವಿ, ವಂಶಾವಳಿಗೆ ಅದನ್ನು ಎಳೆಯಬೇಡಿ. ಓಲೆಗರಿಯ ಪ್ರತಿಗಳೂ ನಂತರದ ಶತಮಾನಗಳವು, ಪಾಠಭೇದ ಸಾಕಷ್ಟಿದೆ.

ಮೊದಲ ಪ್ರಶ್ನೆಯವರು: ಹಾಗಾದರೆ ಕಲ್ಯಾಣದ ಅರಸ ಬಿಜ್ಜಳನ ಕೊಲೆ?

ಉತ್ತರ: ಶೈವ ಪುರಾಣದಲ್ಲಿ ಜಗದೇವ ಮೊದಲಾದ ಶರಣರು ಇರಿದು ಕೊಲ್ಲುತ್ತಾರೆ, ಜೈನರ ಕಥನದಲ್ಲಿ ವಿಷಪ್ರಯೋಗ, ಆರೋಪ ನೇರವಾಗಿ ಬಸವಣ್ಣನವರ ಮೇಲೆ. ಹೇಳುವವನು ಯಾವ ಪಕ್ಷದವನು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳದೆ ಕಥೆಯ ಜೊತೆಗೇ ಹೇಳಿ. ಆ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.