ಸಹೋದ್ಯೋಗಿಯ ನೆನಪಿಗೆ ಅಂಡಾಶಯದ ಕ್ಯಾನ್ಸರ್ ಜಾಗೃತಿ: ರಕ್ತಪರೀಕ್ಷೆ ಮಾಡಿಸಬಹುದಾ?

ಪ್ರಶ್ನೆ:
ನಮ್ಮ ವಿಭಾಗದಲ್ಲಿ ಎಲ್ಲರಿಗೂ ಬೇಕಾಗಿದ್ದ ಸಹೋದ್ಯೋಗಿಯೊಬ್ಬರು ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಸೆಪ್ಟೆಂಬರ್ ಈ ಕಾಯಿಲೆಯ ಜಾಗೃತಿ ತಿಂಗಳು. ಆಗ ಅವರ ನೆನಪಿನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡುವ ಯೋಚನೆಯಿದೆ. ಎಲ್ಲ ಹೆಂಗಸರಿಗೂ ಸಿಎ-125 (ರಕ್ತದಲ್ಲಿನ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸೋಣ ಅನ್ನುತ್ತಿದ್ದಾರೆ. ಸರಿಯೇ?

ಉತ್ತರ 1:
ದಯವಿಟ್ಟು ಬೇಡ. ಮುಟ್ಟು, ಗರ್ಭ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು) ಇದ್ದರೂ ಸಿಎ-125 ಏರುತ್ತದೆ. ಅತ್ತ, ಮೊದಲ ಹಂತದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಏರಿರುವುದೇ ಇಲ್ಲ. ಅಂದರೆ ಕೆಲವರು ಸುಮ್ಮನೆ ಹೆದರಿ ಬೇಡದ ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತಾರೆ, ಇನ್ನು ಕೆಲವರು 'ನಾರ್ಮಲ್' ಎಂದು ನಂಬಿ ಹೊಟ್ಟೆನೋವನ್ನು ಕಡೆಗಣಿಸುತ್ತಾರೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯಲ್ಲೂ, ಲಕ್ಷಣವಿಲ್ಲದವರನ್ನು ಹೀಗೆ ತಪಾಸಣೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಲಕ್ಷಣ ಇದ್ದವರಿಗೆ ವೈದ್ಯರೇ ಬರೆದುಕೊಟ್ಟರೆ ಆ ಮಾತು ಬೇರೆ.

ಪ್ಯಾಪ್ ಸ್ಮಿಯರ್ ನೋಡುವುದು ಗರ್ಭಕೋಶದ ಕೊರಳನ್ನು, ಅಂಡಾಶಯವನ್ನಲ್ಲ. ಇದನ್ನು ಎರಡು ಸಲ ಹೇಳಿ, ತಪ್ಪು ತಿಳಿದವರು ಬಹಳ.

ಉತ್ತರ 2:
ಪರೀಕ್ಷೆಯ ಬದಲು ಒಂದು ಕಾರ್ಡು ಹಂಚಿ, ಅಂಗೈಯಗಲ ಸಾಕು. ಮೇಲೆ 1ರಿಂದ 31 ಮನೆ. ಎಡಕ್ಕೆ ನಾಲ್ಕು ಸಾಲು: ಹೊಟ್ಟೆ ಉಬ್ಬರ, ಹೊಟ್ಟೆ ಅಥವಾ ಕಿಬ್ಬೊಟ್ಟೆ ನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಅಥವಾ ಅವಸರದ ಮೂತ್ರ. ಇದ್ದ ದಿನ ಗುರುತು ಹಾಕಬೇಕು. ಇತ್ತೀಚೆಗೆ ಶುರುವಾಗಿ, ಯಾವುದೇ ಸಾಲಿನಲ್ಲಿ ತಿಂಗಳಿಗೆ 12ಕ್ಕಿಂತ ಹೆಚ್ಚು ದಿನ ಗುರುತು ಬಿದ್ದರೆ ಅದೇ ಕಾರ್ಡು ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಲಿ. ಬರೀ 'ಗ್ಯಾಸ್ ಆಗಿದೆ' ಅಂದರೆ ಆಂಟಾಸಿಡ್ ಬರೆದು ಕಳಿಸುವ ಸಾಧ್ಯತೆಯೇ ಹೆಚ್ಚು. ದಿನಗಳ ಲೆಕ್ಕ ಮುಂದಿಟ್ಟರೆ ಸ್ಕ್ಯಾನಿಂಗ್ ಕೇಳಲು ಆಧಾರ ಸಿಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಿಂಗಳು ಕಾಯುವುದೇ ಬೇಡ.

ಪ್ರಶ್ನೆ ಕೇಳಿದವರು:
ಕಾರ್ಡೇ ಮಾಡುತ್ತೇವೆ. ಗಂಡಸರನ್ನೂ ಕರೆಯಬೇಕಾ?

ಉತ್ತರ 3:
ಖಂಡಿತ ಕರೆಯಿರಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್ ದೋಷ ತಂದೆಯಿಂದಲೂ ಬರುತ್ತದೆ, ಆದರೆ ಮನೆತನದ ಕಾಯಿಲೆ ವಿಚಾರಿಸುವಾಗ ತಾಯಿಯ ಕಡೆ ಮಾತ್ರ ಕೇಳಿ ಬಿಡುವುದೇ ವಾಡಿಕೆ. ಅಜ್ಜಿ, ಸೋದರತ್ತೆ, ಚಿಕ್ಕಮ್ಮ, ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ, ಎಷ್ಟನೇ ವಯಸ್ಸಿಗೆ ಬಂತು ಎಂದು ಎರಡೂ ಕಡೆ ಕೇಳಿ ಬರೆದುಕೊಳ್ಳಲಿ. ಇದ್ದರೆ ಜೆನೆಟಿಕ್ ಕೌನ್ಸೆಲಿಂಗ್‌ಗೆ (ವಂಶದಿಂದ ಬರುವ ಅಪಾಯದ ಬಗ್ಗೆ ತಜ್ಞರ ಸಲಹೆ) ಹೋಗಬಹುದು.

ಫೋಟೊ ಇಡುವ ಮುಂಚೆ ಮನೆಯವರ ಒಪ್ಪಿಗೆ ಪಡೆಯಿರಿ. ಕಾಯಿಲೆಯ ವಿವರ ಎಷ್ಟು ಹೇಳಬಹುದು ಅನ್ನುವುದನ್ನೂ ಅವರೇ ನಿರ್ಧರಿಸಲಿ. ಜಾಗೃತಿಯ ರಿಬ್ಬನ್ ತರುವವರಿಗೆ ಹೇಳಿಬಿಡಿ: ಗುಲಾಬಿ ಅಲ್ಲ, ನೀಲಿ ಬೆರೆತ ಹಸಿರು.